ಮಹಿಳಾ ಹಬ್ಬಕ್ಕೆ ನಾನು ಗೊಂಬೆ ತರಿಸಿದ್ದು

ಸಭೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕೂತರೆ ನನ್ನ ಕೈ ತಾನಾಗಿಯೇ ಮೇಲೆ ಹೋಗುತ್ತದೆ. ನಮ್ಮೂರ ಸ್ತ್ರೀಶಕ್ತಿ ಸಂಘದ ಸಭೆಯಲ್ಲೂ ಹಾಗೇ ಆಯಿತು. "ಮನರಂಜನೆ ಯಾರು ನೋಡ್ಕೋತೀರಾ?" ಅಂತ ಕೇಳಿದ್ದೇ ತಡ, "ನನಗೆ ಬಿಡಿ!" ಅಂದೆ.

ಬಿಟ್ಟರು. ಅಂದಿನಿಂದ ನಿದ್ದೆಯೂ ನನ್ನನ್ನು ಬಿಟ್ಟಿತು.

ನಮ್ಮೂರು ವೈಟ್‌ಫೀಲ್ಡ್ ದಾಟಿ ಒಳಗೆ. ಶನಿವಾರ, ಭಾನುವಾರ ಎರಡು ದಿನ ಮಹಿಳಾ ಹಬ್ಬ ಮಾಡೋಣ ಅಂತ ಸಂಘ ಮೊದಲ ಸಲ ತೀರ್ಮಾನಿಸಿತ್ತು. "ಹೆಂಗಸ್ರು ಏನ್ ಕಿಸೀತಾರೋ ನೋಡೇಬಿಡೋಣ" ಅಂತ ಊರ ಗಂಡಸರು ಕಾದು ಕೂತಿದ್ದರು. ಅಧ್ಯಕ್ಷೆ ಗೌರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಲಲಿತಾ, ಮರ್ವಾದೆ ಪ್ರಶ್ನೆ ಕಣಮ್ಮ. ತಾಲ್ಲೂಕು ಪಂಚಾಯ್ತಿ ಮೇಡಂ ಬೇರೆ ಬತ್ತಾವ್ರೆ" ಅಂದರು.

ನನ್ನ ತಲೆಯಲ್ಲಿದ್ದದ್ದು ಗೊಂಬೆ ಕುಣಿತ. ಆಳೆತ್ತರ ಮೀರಿದ ಗಂಡು ಗೊಂಬೆ, ಹೆಣ್ಣು ಗೊಂಬೆ, ಒಳಗೆ ಹೊಕ್ಕು ಕುಣಿಸುವ ಕಲಾವಿದರು, ಮುಂದೆ ತಮಟೆ! ನಮ್ಮವರು ಕಂಪನಿ ಕ್ಯಾಬ್ ಓಡಿಸುತ್ತಾರೆ. "ನಂಗೊಬ್ಬ ಗೊತ್ತು ಕಣೇ. ಅಪಾರ್ಟ್‌ಮೆಂಟ್‌ಗಳಿಗೆಲ್ಲ ಪ್ರೋಗ್ರಾಂ ಕಳಿಸ್ತಾನೆ" ಅಂತ ಒಂದು ನಂಬರ್ ಕೊಟ್ಟರು. ಫೋನ್ ಮಾಡಿದೆ.

"ಅಣ್ಣ, ಗೊಂಬೆ ಕುಣಿತ ಬೇಕಿತ್ತು."

"ಎಷ್ಟು ಗೊಂಬೆ ಮೇಡಂ?"

"ಎರಡು. ದೊಡ್ಡವು. ಒಳಗೆ ಮನುಷ್ಯರು ಸೇರ್ಕೊಂಡು ಕುಣೀತಾರಲ್ಲ, ಅಂಥವು."

"ಗೊತ್ತಾಯ್ತು ಬಿಡಿ. ಮಕ್ಕಳಂತೂ ಹುಚ್ಚೆದ್ದು ಹೋಗ್ತಾರೆ!"

ಮಕ್ಕಳು ಯಾಕೆ ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಶನಿವಾರದ ಅಡುಗೆ ಸ್ಪರ್ಧೆ, ಹಗ್ಗಜಗ್ಗಾಟ ಎಲ್ಲ ಚೆನ್ನಾಗಿ ನಡೆದವು. ಅವು ನನ್ನ ವಿಭಾಗವಲ್ಲ.

ಭಾನುವಾರ ಶಾಲೆಯ ಮೈದಾನ ತುಂಬಿತ್ತು. ಮೇಡಂ ಬಂದರು, ದೀಪ ಹಚ್ಚಿದರು, ಭಾಷಣ ಮಾಡಿದರು, ಗಡಿಯಾರ ನೋಡತೊಡಗಿದರು. ಗೊಂಬೆಗಳ ಪತ್ತೆ ಇಲ್ಲ! ಫೋನ್ ಮಾಡಿದರೆ "ಸಿಗ್ನಲ್‌ನಲ್ಲಿದೀವಿ ಮೇಡಂ." ಅರ್ಧ ಗಂಟೆ ಬಿಟ್ಟು ಮಾಡಿದರೂ ಅದೇ ಸಿಗ್ನಲ್. ಮೈಕ್ ಹಿಡಿದು, "ಇನ್ನು ಕೆಲವೇ ಕ್ಷಣಗಳಲ್ಲಿ, ನಮ್ಮ ನಾಡಿನ ಹೆಮ್ಮೆಯ ಜಾನಪದ ಕಲೆ, ಎರಡು ಬೃಹತ್ ಗೊಂಬೆಗಳು..." ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದೆ. ಮೂರನೇ ಸಲ ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನವರು ಅದನ್ನು ಹೇಳಿ ಮುಗಿಸಿದರು!

ಕೊನೆಗೂ ಶಾಲೆಯ ಹಿಂದೆ ವ್ಯಾನ್ ಬಂತು. ಓಡಿದೆ. ಇಳಿದವನು ಒಬ್ಬನೇ, ಕಡ್ಡಿಯಂಥ ಮನುಷ್ಯ. ಒಂದು ಕಂಕುಳಲ್ಲಿ ಕರಡಿಯ ತಲೆ, ಇನ್ನೊಂದರಲ್ಲಿ ಮೊಲದ ತಲೆ.

"ಗೊಂಬೆ ಎಲ್ಲಣ್ಣ?"

"ಇವಾ ರೀ ಅಕ್ಕಾರ. ಬರ್ತಡೇ ಯಾರದ್ರಿ?"

ಅವನ ಹೆಸರು ಭೀಮಣ್ಣ, ಯಾದಗಿರಿ ಕಡೆಯವನು. ವಾರವೆಲ್ಲ ಕಟ್ಟಡಗಳಲ್ಲಿ ಟೈಲ್ಸ್ ಕೆಲಸ, ಭಾನುವಾರ ಕರಡಿ.

"ತಮಟೆ?"

"ಮೊಬೈಲ್‌ನಾಗ ಬರ್ತಡೇ ಹಾಡು ಐತ್ರಿ."

"ಮೊಲದೊಳಗೆ ಯಾರು?"

"ಅಂವಗ ಜ್ವರ ಬಂದೈತ್ರಿ."

ನನ್ನ ಹಿಂದೆಯೇ ಬಂದಿದ್ದ ನಮ್ಮವರ ಕಡೆ ತಿರುಗಿದೆ. "ರೀ, ಎರಡು ಅಂತ ಮೈಕ್‌ನಲ್ಲಿ ಹೇಳ್ಬಿಟ್ಟಿದೀನಿ. ನೀವೇ ಹಾಕ್ಕೊಳ್ರೀ!"

"ನಾನಾ? ಇದು ಮಹಿಳಾ ಹಬ್ಬ ಕಣೇ. ನಿಮ್ ಹಬ್ಬದಲ್ಲಿ ನಾವು ಗಂಡಸರು ತಲೆ ಹಾಕಬಾರ್ದು."

ಮದುವೆಯಾದಾಗಿನಿಂದ ಅವರ ಬಾಯಲ್ಲಿ ಮಹಿಳೆಯರ ಹಕ್ಕಿನ ಮಾತು ಬಂದದ್ದು ಅದೇ ಮೊದಲು!

ಸೀರೆ ಎತ್ತಿ ಕಟ್ಟಿ ಮೊಲದೊಳಗೆ ಇಳಿದೆ. ಒಳಗೆ ಹಳೆಯ ಬರ್ತಡೇಗಳ ಬೆವರೆಲ್ಲ ಹಾಗೇ ಇತ್ತು. ಹೊರಗೆ ನೋಡಬೇಕಾದದ್ದು ಮೊಲದ ಬಾಯಿಂದ. ಆ ಬಾಯಿ ಬರುತ್ತಿದ್ದದ್ದು ನನ್ನ ಮೂಗಿನ ಹತ್ತಿರ. ಕಷ್ಟಪಟ್ಟು ಬಗ್ಗಿದರೆ ಕಂಡದ್ದು ನೆಲ ಮಾತ್ರ.

ಕರಡಿಯೂ ಮೊಲವೂ ಮೈದಾನ ಪ್ರವೇಶಿಸಿದವು. ಮೈಕ್‌ನಲ್ಲಿ ಬರ್ತಡೇ ಹಾಡು ಮೊಳಗಿತು. ಒಂದು ಮಗು ಕಿಟಾರನೆ ಕಿರುಚಿತು, ಉಳಿದವೂ ದನಿ ಸೇರಿಸಿದವು. ಭೀಮಣ್ಣ ನುರಿತವನು, ಸೊಂಟ ತಿರುವಿ ಕುಣಿದನಂತೆ. ಅಂಗನವಾಡಿ ಟೀಚರಾದ ನನಗೆ ಬರುತ್ತಿದ್ದದ್ದು ಮಕ್ಕಳಿಗೆ ಹೇಳಿಕೊಡುವ ಚಪ್ಪಾಳೆ ಕುಣಿತ ಒಂದೇ. ಅದನ್ನೇ ಶುರುಮಾಡಿದೆ. ಕಾಲ ಕೆಳಗೆ ಬಣ್ಣಬಣ್ಣ ಕಂಡಿತು. ಪರವಾಗಿಲ್ಲ, ಜಮಖಾನೆ ಹಾಸಿದ್ದಾರೆ ಅಂದುಕೊಂಡು ಅದರ ಮೇಲೇ ಮನಸಾರೆ ಕುಣಿದೆ.

"ಅಯ್ಯೋ, ನನ್ ರಂಗೋಲಿ!"

ಗೌರಮ್ಮನ ದನಿ. ಬೆಳಗಿನ ರಂಗೋಲಿ ಸ್ಪರ್ಧೆಯ ತೀರ್ಪು ಇನ್ನೂ ಆಗಿರಲಿಲ್ಲ! ಗಾಬರಿಯಿಂದ ಹಿಂದೆ ಸರಿದೆ. ಹಿಂದೆ ಇನ್ನೊಬ್ಬರ ರಂಗೋಲಿ.

ಅಷ್ಟರಲ್ಲಿ ಬಂದವು ನಾಯಿಗಳು. ಊರ ನಾಯಿಗಳೆಲ್ಲ ಕರಡಿಯನ್ನು ಅಟ್ಟಿಸಿಕೊಂಡು ಹೋದವು. ಒಂದು ಮಾತ್ರ ನನ್ನ ಬಾಲಕ್ಕೆ ಬಾಯಿ ಹಾಕಿ, ಗುರ್ ಅನ್ನುತ್ತಾ ಜಗ್ಗತೊಡಗಿತು. ಆ ಗುರ್ ನನಗೆ ಚೆನ್ನಾಗಿ ಗೊತ್ತು. ನಮ್ಮನೆ ಟೈಗರ್! ಜೀವಭಯದಲ್ಲಿ ನಾಡಿನ ಹೆಮ್ಮೆಯೆಲ್ಲ ಮರೆತು ಅರಚಿದೆ: "ಬಿಡೋ ಟೈಗರ್! ನಾನು ಕಣೋ! ಬೆಳಗ್ಗೆ ತಾನೇ ಮುದ್ದೆ ಹಾಕಿಲ್ವೇನೋ ನಿಂಗೆ!"

ಮುಂದಿನ ಸಾಲಿಂದ ನಮ್ಮತ್ತೆಯ ಉದ್ಗಾರ: "ಅಯ್ ಶಿವನೇ! ಇದು ನಮ್ ಲಲಿತಾ ಕಣ್ರಮ್ಮಿ!"

ಆ ನಗು! ಮೇಡಂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುರ್ಚಿಯಲ್ಲೇ ಬಗ್ಗಿಹೋದರಂತೆ. ಕಾಂಪೌಂಡಿನ ಆಚೆ ಗಂಡಸರ ಸಿಳ್ಳೆ. ಬಾಲ ಕಿತ್ತುಬಂದು, ಟೈಗರ್ ಅದನ್ನು ಕಚ್ಚಿಕೊಂಡು ಮನೆ ಕಡೆ ಓಡಿತಂತೆ. ಕರಡಿ ವ್ಯಾನಿನ ಟಾಪ್ ಮೇಲೆ ಹತ್ತಿ ಕೂತು, "ಅಕ್ಕಾರ, ನಾಯಿ ಹಿಡೀರಿ!" ಅಂತ ಕೂಗುತ್ತಿತ್ತು.

ಮೊಲದ ತಲೆ ತೆಗೆಯಲು ಹೋದರೆ ನನ್ನ ಜಡೆ ಜಿಪ್ಪಿಗೆ ಸಿಕ್ಕಿಕೊಂಡಿತ್ತು. ಮೇಡಂ ಹೊರಡುವ ಆತುರದಲ್ಲಿದ್ದರು. ಹಾಗಾಗಿ ಕಲಾವಿದರ ಸನ್ಮಾನವನ್ನು ಮೊಲವಾಗಿಯೇ ಸ್ವೀಕರಿಸಿದೆ. ಹಾರ ಕಿವಿಗೆ ಸಿಕ್ಕಿ ಅಲ್ಲೇ ನಿಂತಿತು. "ಎಷ್ಟೋ ಕಾರ್ಯಕ್ರಮಕ್ಕೆ ಹೋಗಿದೀನಿ. ಜನರನ್ನ ನಗ್ಸೋಕೆ ಇಷ್ಟು ಕಷ್ಟಪಟ್ಟವರನ್ನ ನೋಡಿರ್ಲಿಲ್ಲ" ಅಂದರು ಮೇಡಂ. ನಾನು ವಿನಯದಿಂದ ಕೈಮುಗಿದೆ. ಮುಗಿದದ್ದು ಸ್ಪೀಕರ್ ಡಬ್ಬಕ್ಕೆ ಅಂತ ಆಮೇಲೆ ತಿಳಿಯಿತು.

ಕೊನೆಗೆ ಗೌರಮ್ಮನೇ ಕತ್ತರಿ ತಂದು ನನ್ನನ್ನು ಬಿಡಿಸಿದರು. "ರಂಗೋಲಿ ಓದ್ರೆ ಓಯ್ತು ಬಿಡಮ್ಮ. ಜನ ನಕ್ರಲ್ಲ" ಅಂದರು. ಎಷ್ಟು ದೊಡ್ಡ ಮನಸ್ಸು ಅಂದುಕೊಂಡೆ. ಮನೆಗೆ ಬಂದು ನೋಡಿದರೆ ಜಡೆಯಲ್ಲಿ ಬೇಕಾದ್ದಕ್ಕಿಂತ ಒಂದು ಗೇಣು ಜಾಸ್ತಿಯೇ ಹೋಗಿತ್ತು!

ಸೋಮವಾರ ಏನೂ ಆಗಿಲ್ಲವೆಂಬಂತೆ ಅಂಗನವಾಡಿಗೆ ಹೋದೆ. "ಎಲ್ಲಾ ಕೈ ಕಟ್ಟಿ, ಬಾಯ್ ಮುಚ್ಚಿ!" ಅಂತ ಗಂಭೀರವಾಗಿ ಹೇಳಿದೆ. ಯಾರೂ ಕಟ್ಟಲಿಲ್ಲ, ಮುಚ್ಚಲಿಲ್ಲ. ಪುಟ್ಟ ರಂಜಿತಾ ಎದ್ದು ಬಂದು, ನನ್ನ ಗದ್ದದ ಕೆಳಗೆ ಎರಡೂ ಕೈ ಕೊಟ್ಟು ಮೇಲಕ್ಕೆ ಎತ್ತಿ ನೋಡಿದಳು. ಆಮೇಲೆ ಬಹಳ ಕನಿಕರದಿಂದ ಕೇಳಿದಳು:

"ಮಿಸ್, ಈ ತಲೆನೂ ಬಿಚ್ಚಕ್ಕಾಗ್ತಿಲ್ವಾ?"

"ಇಲ್ಲ ಕಣಮ್ಮ" ಅಂದೆ. "ಆಗೋ ಹಾಗಿದ್ದಿದ್ರೆ ಇವತ್ತು ಮನೇಲೇ ಬಿಟ್ಟು ಬರ್ತಿದ್ದೆ."