ಡೆಸ್ಮಂಡನ ಹಗ್ಗ, ಗ್ಲೆನಿಸಳ ಪಥ್ಯ

ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿದ್ದ ಹಾಗೆಯೇ ಡೆಸ್ಮಂಡ್ ಟಿಪ್ಟನ್‌ನಿಗೆ ನಿದ್ದೆ ಹತ್ತಿತು. ನಿದ್ದೆ ದೊಡ್ಡ ವಿಷಯವಲ್ಲ, ಐವತ್ತು ದಾಟಿದ ಗಂಡಸಿಗೆ ಅದು ಎಲ್ಲಿ ಬೇಕಾದರೂ ಬರಬಹುದು. ಆದರೆ ಅವನ ತಲೆ ಮುಂದೆ ನಿಂತಿದ್ದ ಮಿಸೆಸ್ ಆಡ್ಲಿಯವರ ಎಡಭುಜದ ಮೇಲೆ ಹೋಗಿ ಕುಳಿತುಬಿಟ್ಟಿತು. ಮಿಸೆಸ್ ಆಡ್ಲಿ ಊರ ಚರ್ಚಿನ ಆಡಳಿತ ನೋಡಿಕೊಳ್ಳುವವರು; ಅವರೆದುರು ಕೆಮ್ಮುವುದಕ್ಕೆ ಪಾದ್ರಿಗಳೇ ಹೆದರುತ್ತಾರೆ. ಬೇರೆಲ್ಲಾದರೂ ಆಗಿದ್ದರೆ ಕಪಾಳಕ್ಕೊಂದು ಬಿದ್ದು ಪ್ರಕರಣ ಮುಗಿಯುತ್ತಿತ್ತು. ಆದರೆ ಅಪ್ಪರ್ ಥ್ರೆಡಲ್ ಇಂಗ್ಲೆಂಡಿನ ಮರ್ಯಾದಸ್ಥ ಹಳ್ಳಿ. ಮಲಗಿದವರನ್ನು ಎಬ್ಬಿಸುವುದು ಅಸಭ್ಯತನವೆಂದು ಆಕೆ ಕಂಬದ ಹಾಗೆ ನಿಂತರು. ಹಿಂದಿದ್ದವರಿಗೆಲ್ಲ, "ನೀವು ಮುಂದೆ ಹೋಗಿ, ನಮಗೇನೂ ಅವಸರವಿಲ್ಲ" ಎಂದು ದಾರಿ ಬಿಟ್ಟರು. (ಆ 'ನಮಗೆ' ಎಂಬ ಬಹುವಚನ ಸಂಜೆಯೊಳಗೆ ಇಡೀ ಊರು ಸುತ್ತಿ ಬಂತು.)

ಪಕ್ಕದ ಅಂಗಡಿಯಿಂದ ಬಂದ ಹೆಂಡತಿ ಗ್ಲೆನಿಸ್ ಬಾಗಿಲಲ್ಲೇ ನಿಂತು ಕೂಗಿದಳು: "ಡೆಸ್! ಅದು ದಿಂಬಲ್ಲ!"

ಡೆಸ್ಮಂಡ್ ಬೆಚ್ಚಿಬಿದ್ದು ಎಚ್ಚೆತ್ತು "ಕ್ಷಮಿಸಿ" ಎಂದ. "ಛೆ ಛೆ, ನೀವು ಕ್ಷಮಿಸಬೇಕು" ಎಂದರು ಮಿಸೆಸ್ ಆಡ್ಲಿ, ಭುಜ ಸ್ವಲ್ಪ ಗಟ್ಟಿಯಾಗಿದ್ದದ್ದು ತಮ್ಮದೇ ತಪ್ಪು ಎಂಬಂತೆ.

ಒಂದು ವರ್ಷದ ಹಿಂದೆ ವೈರಾಣು ಜ್ವರ ಊರಿಗೆಲ್ಲ ಬಂದಂತೆ ಡೆಸ್ಮಂಡನಿಗೂ ಬಂದಿತ್ತು. ಬಂದ ಜ್ವರ ಹೋಯಿತು, ಕೆಮ್ಮು ಹೋಯಿತು, ಮೂಗಿಗೆ ತಿಳಿಯದೆ ಹೋಗಿದ್ದ ವಾಸನೆ ಮರಳಿ ಬಂತು. ಸುಸ್ತು ಮಾತ್ರ ಪೆಟ್ಟಿಗೆ ಬಿಚ್ಚಿ ಬಟ್ಟೆ ನೇತುಹಾಕಿಕೊಂಡು ನಿಂತುಬಿಟ್ಟ ನೆಂಟನಂತೆ ಉಳಿಯಿತು. ಮಹಡಿ ಹತ್ತಿದರೆ ಮಧ್ಯದಲ್ಲೊಂದು ವಿಶ್ರಾಂತಿ. ಒಂದು ಕಾಲುಚೀಲ ಹಾಕಿದರೆ ಇನ್ನೊಂದಕ್ಕೆ ಮುಂಚೆ ಮತ್ತೊಂದು ವಿಶ್ರಾಂತಿ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಹಗ್ಗದ ವಿಷಯ. ಚರ್ಚಿನ ಗೋಪುರದಲ್ಲಿ ಆರು ಗಂಟೆಗಳು, ಆರು ಹಗ್ಗಗಳು, ಹಗ್ಗಕ್ಕೊಬ್ಬರಂತೆ ಆರು ಜನ. ಸಣ್ಣದರಿಂದ ಹೊರಟ ನಾದ ಪ್ರತಿ ಸುತ್ತಿನಲ್ಲೂ ಕೊನೆಗೆ ಬಂದು ನಿಲ್ಲುವುದು ದೊಡ್ಡ ಗಂಟೆಯಲ್ಲಿ. ಆ ದೊಡ್ಡ ಗಂಟೆ ಇಪ್ಪತ್ತು ವರ್ಷಗಳಿಂದ ಡೆಸ್ಮಂಡನದು. ಮನೆಯಲ್ಲಿ ಅವನ ಮಾತು ಯಾರೂ ಕೇಳದಿದ್ದರೂ ಗೋಪುರದಲ್ಲಿ ಅವನೇ ಪೂರ್ಣವಿರಾಮ. ಈಗ ಆ ಹಗ್ಗ ರಾಡ್ನಿ ಸ್ಟಬ್ಸ್ ಕೈಯಲ್ಲಿತ್ತು. ರಾಡ್ನಿ ಪೂರ್ಣವಿರಾಮ ಇರಬೇಕಾದಲ್ಲಿ ಅಲ್ಪವಿರಾಮ ಹಾಕುತ್ತಿದ್ದ. ಒಮ್ಮೊಮ್ಮೆ ಪ್ರಶ್ನಾರ್ಥಕ ಚಿಹ್ನೆ. ಅದೂ ಸಾಲದೆಂದು ನಿಂತುಕೊಳ್ಳಲು ಹೊಸದೊಂದು ಮರದ ಪೀಠ ಮಾಡಿಸಿ ತಂದಿಟ್ಟಿದ್ದ. ಡೆಸ್ಮಂಡನ ಕಣ್ಣಿಗೆ ಅದು ಸಿಂಹಾಸನದಂತೆ ಕಂಡಿತು. ಜೂನಿನಲ್ಲಿ ಪಕ್ಕದೂರು ಲೋವರ್ ಥ್ರೆಡಲ್‌ನವರ ಮೇಲೆ ಗಂಟೆ ಬಾರಿಸುವ ಪಂದ್ಯ. ಅಷ್ಟರೊಳಗೆ ಹಗ್ಗ ಕೈಗೆ ಬರದಿದ್ದರೆ ಅದು ಇನ್ನು ಬರುವುದಿಲ್ಲ ಎಂದು ಅವನು ಒಳಗೊಳಗೇ ಕೊರಗುತ್ತಿದ್ದ.

"ಡಾಕ್ಟರಿಗೆ ಹೇಳಿದೀಯ ತಾನೆ?" ಎಂದು ಅಂಚೆ ಕಚೇರಿಯಿಂದ ಬರುವಾಗ ಗ್ಲೆನಿಸ್ ಕೇಳಿದಳು.

"ನಾಲ್ಕು ಸಲ ಹೋಗಿ ಬಂದಿದೀನಲ್ಲ."

"ಹೋಗಿ ಏನಂದೆ?"

"ಅವರು 'ಹೇಗಿದ್ದೀರಿ' ಅಂದ್ರು. ನಾನು 'ಚೆನ್ನಾಗಿದೀನಿ, ನೀವು ಹೇಗಿದ್ದೀರಿ' ಅಂದೆ."

"ಆಮೇಲೆ?"

"ಅವರಿಗೆ ಬೆನ್ನುನೋವಂತೆ ಪಾಪ. ಅದೇ ಮಾತಾಡಿದ್ವಿ."

ಗ್ಲೆನಿಸ್ ಗಡಿಯಾಚೆಯ ವೇಲ್ಸಿನವಳು. ಚೆನ್ನಾಗಿಲ್ಲದಾಗ ಚೆನ್ನಾಗಿಲ್ಲ ಎನ್ನುವ ಅನಾಗರಿಕ ಪದ್ಧತಿಯಲ್ಲಿ ಬೆಳೆದವಳು. ಮುಂದಿನ ಸಲ ತಾನೂ ಜೊತೆಗೆ ಹೋಗಿ, ಗಂಡ ಬಾಯಿ ತೆರೆಯುವ ಮೊದಲೇ, "ಇವನು ಚೆನ್ನಾಗಿಲ್ಲ. ಹೆಂಗಸರ ಮೇಲೆ ಬಿದ್ದು ಮಲಗ್ತಾನೆ" ಎಂದು ರೋಗಲಕ್ಷಣ ಒಪ್ಪಿಸಿದಳು. ಡಾಕ್ಟರು ಗಾಬರಿಯಾಗಿ ರಕ್ತ ತೆಗೆಸಿದರು. ಅಲ್ಲೊಂದು ವಿಟಮಿನ್ ಕಡಿಮೆ, ಅದಕ್ಕೆ ಮಾತ್ರೆ. ಮಿಕ್ಕದ್ದಕ್ಕೆ ಮಾತ್ರೆಯಿಲ್ಲ, ಪಟ್ಟಣದ ಆಸ್ಪತ್ರೆಯಲ್ಲಿ ಇಂಥ ಸುಸ್ತಿಗೆಂದೇ ಇರುವ ವಿಭಾಗಕ್ಕೆ ಹೋಗಿ ಎಂದರು. ಅಲ್ಲಿ ಕುಳಿತಿದ್ದವಳು ಆಹಾರ ಚಿಕಿತ್ಸೆಯ ಫಿಲಿಪಾ.

"ನನ್ನ ಹತ್ರ ಮಂತ್ರದಂಡ ಇಲ್ಲ" ಎಂದಳು ಫಿಲಿಪಾ ಮೊದಲಿಗೇ. "ಊಟದಿಂದಲೇ ಎಲ್ಲ ವಾಸಿ ಆಗುತ್ತೆ ಅಂತ ನಾನು ಹೇಳಲ್ಲ. ಆದರೆ ದಿನಕ್ಕೆ ಏನೇನು ತಿಂತೀರಿ ಹೇಳಿ."

ಡೆಸ್ಮಂಡ್ ಸತ್ಯವನ್ನೇ ಹೇಳಿದ. ಬೆಳಿಗ್ಗೆ ಟೀ, ಬಿಸ್ಕತ್ತು. ಹತ್ತಕ್ಕೆ ಸುಸ್ತಾಗುವುದರಿಂದ ಟೀ, ಬಿಸ್ಕತ್ತು. ಮಧ್ಯಾಹ್ನ ಅಡುಗೆ ಮಾಡಲು ತ್ರಾಣವಿಲ್ಲದ್ದರಿಂದ ಟೀ, ಮತ್ತು (ಬದಲಾವಣೆ ಇರಲಿ ಎಂದು) ಕೇಕು.

"ಬೆಳಿಗ್ಗೆ ಮೀನು, ಮೊಟ್ಟೆ. ಮಧ್ಯಾಹ್ನ ಬೇಳೆ, ಕಾಳು, ಬಣ್ಣಬಣ್ಣದ ತರಕಾರಿ. ಹೊತ್ತುಹೊತ್ತಿಗೆ ಊಟ. ಸಕ್ಕರೆಗೆ ಸ್ವಲ್ಪ ರಜ. ಇನ್ನೊಂದು, ಎಷ್ಟು ಕೆಲಸ ಮಾಡಬಲ್ಲೆ ಅನ್ನಿಸುತ್ತೋ ಅದರಲ್ಲಿ ಅರ್ಧ ಮಾತ್ರ ಮಾಡಿ."

'ಸ್ವಲ್ಪ' ಎಂದರೆ ಏನೆಂದು ಗ್ಲೆನಿಸಳಿಗೆ ಯಾರೂ ಕಲಿಸಿರಲಿಲ್ಲ. ಅಂದು ಸಂಜೆಯೇ ಆ ಮನೆಯಲ್ಲಿ ಬಿಸ್ಕತ್ತು ಸಂಹಾರ ನಡೆಯಿತು. ಡಬ್ಬಿಯೊಳಗೆ ಬಾದಾಮಿ ಸ್ಥಾಪನೆಯಾಯಿತು. ಮರುದಿನ ಬೆಳಗ್ಗೆ ತಟ್ಟೆಯಲ್ಲಿ ಮಲಗಿದ್ದ ಬಂಗುಡೆ ಡೆಸ್ಮಂಡನನ್ನು ನೋಡಿತು, ಡೆಸ್ಮಂಡ್ ಬಂಗುಡೆಯನ್ನು ನೋಡಿದ. ಇಬ್ಬರಲ್ಲಿ ಹೆಚ್ಚು ಚೈತನ್ಯ ಇದ್ದದ್ದು ಮೀನಿಗೇ.

"ಇಷ್ಟು ಬೆಳಿಗ್ಗೆ ಇದು ನನ್ನನ್ನ ಹೀಗೆ ನೋಡಬಾರದು ಗ್ಲೆನ್."

"ನೀನು ನೋಡಬೇಡ, ತಿನ್ನು."

"ಟೀಗೆ ಸಕ್ಕರೆ?"

"ಅದನ್ನ ನೆನೆಸ್ಕೊಂಡು ಕುಡಿ."

ಮನೆಯೊಳಗಿನ ಯುದ್ಧ ಹೀಗಾದರೆ ಹೊರಗಿನದು ಬೇರೆ. ಆ ಊರಿನಲ್ಲಿ ಯಾರಿಗಾದರೂ ಮೈ ಸರಿಯಿಲ್ಲವೆಂದರೆ ಕೇಕು ಮಾಡಿ ಕೊಡುವುದು ವಾಡಿಕೆ, ಕೊಟ್ಟದ್ದನ್ನು ಬೇಡ ಎನ್ನುವುದು ಕೊಲೆಗಿಂತ ಒಂದು ಮೆಟ್ಟಿಲು ಕೆಳಗಿನ ಅಪರಾಧ. ಒಂದು ವರ್ಷದಿಂದ ಅವರ ಮನೆಗೆ ಬಂದ ಕೇಕುಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಗೋಪುರವೇ ನಾಚುತ್ತಿತ್ತು. ಭುಜದ ಪ್ರಕರಣದ ನಂತರ ಮಿಸೆಸ್ ಆಡ್ಲಿಯವರೇ ಜಾಮು, ಕೆನೆ ತುಂಬಿದ ಎರಡಂತಸ್ತಿನ ಕೇಕು ಹೊತ್ತು ಬಂದರು. ಡೆಸ್ಮಂಡನ ಕೈಗಳು ತಾವಾಗಿಯೇ ಮುಂದೆ ಚಾಚಿದವು. ನಡುವೆ ಗ್ಲೆನಿಸ್ ಬಂದು ನಿಂತಳು.

"ಬೇಡ ಮಿಸೆಸ್ ಆಡ್ಲಿ. ಇದನ್ನ ತಗೊಂಡ್ಹೋಗಿ. ಕೊಡಲೇಬೇಕು ಅಂತಿದ್ರೆ ಮೀನು ಕೊಡಿ."

ಬೀದಿಯಲ್ಲಿ ಹೋಗುತ್ತಿದ್ದ ನಾಯಿಯೂ ನಿಂತಿತು. ಡೆಸ್ಮಂಡ್ ಬಾಗಿಲ ಹಿಂದೆ ಅವಿತುಕೊಂಡು, ಊರು ಬಿಟ್ಟು ಎಲ್ಲಿಗೆ ಹೋಗುವುದೆಂದು ಯೋಚಿಸತೊಡಗಿದ. ಮಿಸೆಸ್ ಆಡ್ಲಿ ಕೈಯಲ್ಲಿದ್ದ ಕೇಕನ್ನೊಮ್ಮೆ, ಗ್ಲೆನಿಸಳನ್ನೊಮ್ಮೆ ನೋಡಿದರು. ಕೊನೆಗೆ, ಜೀವನದಲ್ಲಿ ಮೊದಲ ಸಲ ಒಂದು ಕೆಲಸದ ಮಾತು ಕೇಳಿದವರಂತೆ, "ಎಂಥ ಮೀನು?" ಎಂದರು.

ಮರುದಿನದಿಂದ ಹೊಸ್ತಿಲ ಮೇಲೆ ಬೂತಾಯಿ ಮೀನಿನ ಡಬ್ಬಿಗಳು, ಮೊಟ್ಟೆ, ಕಟ್ಟುಕಟ್ಟು ಸೊಪ್ಪು, ಬೀಟ್‌ರೂಟು. ಒಂದು ದಿನ ಯಾರೋ ಇಡೀ ಮೀನೊಂದನ್ನು ಪತ್ರಿಕೆಯಲ್ಲಿ ಸುತ್ತಿ, ಹಾಲಿನ ಬಾಟಲಿಗೆ ಒರಗಿಸಿ, ಬಾಗಿಲು ತಟ್ಟದೆ ಓಡಿಹೋಗಿದ್ದರು.

ಪವಾಡವೇನೂ ಆಗಲಿಲ್ಲ. ಮಾರ್ಚಿನಲ್ಲೊಂದು ದಿನ ಮೈ ಹಗುರಾಯಿತೆಂದು ಡೆಸ್ಮಂಡ್ ಇಡೀ ಹುಲ್ಲುಹಾಸು ಕತ್ತರಿಸಿ ವಾರಗಟ್ಟಲೆ ಹಾಸಿಗೆ ಹಿಡಿದ. "ಅರ್ಧ ಅಂದಿದ್ದೆ" ಎಂದಳು ಫಿಲಿಪಾ. ಆಮೇಲೆ ಅವನು ಅರ್ಧ ಹುಲ್ಲುಹಾಸು ಕತ್ತರಿಸಿ, ಮಿಕ್ಕರ್ಧವನ್ನು ಕಾಡು ಬೆಳೆಯಲು ಬಿಟ್ಟು ಕುರ್ಚಿಯಲ್ಲಿ ಕುಳಿತ. ಹೊತ್ತಿಗೆ ತಿಂದ, ದಣಿಯುವ ಮೊದಲೇ ನಿಲ್ಲಿಸಿದ. ಏಪ್ರಿಲ್ ಕಳೆಯುವಷ್ಟರಲ್ಲಿ ಮಹಡಿಯ ಮಧ್ಯದ ವಿಶ್ರಾಂತಿ ತಪ್ಪಿತು. ಮೇ ತಿಂಗಳಲ್ಲಿ, ಗೋಪುರದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಗಂಟೆಯ ನಾಲಿಗೆ ಕಟ್ಟಿ ಸದ್ದಾಗದಂತೆ ಹಗ್ಗ ಎಳೆದು ನೋಡಿದ. ಮೊದಮೊದಲು ನಾಲ್ಕು ಎಳೆತ, ಆಮೇಲೆ ಹತ್ತು ನಿಮಿಷ. ಕೆಳಗಿಳಿದು ಮನೆಗೆ ಬಂದು ಹೆಂಡತಿಯ ಮುಂದೆ ಏನೂ ಹೇಳದೆ ಎರಡು ಬಂಗುಡೆ ತಿಂದ.

ಪಂದ್ಯದ ದಿನ ಬಂತು. ತೀರ್ಪುಗಾರರನ್ನು ಎದುರು ಮನೆಯೊಂದರಲ್ಲಿ ಪರದೆ ಎಳೆದು ಕೂಡಿಹಾಕಿದ್ದರು. ಬಾರಿಸುತ್ತಿರುವುದು ಯಾವ ಊರೆಂದು ಅವರಿಗೆ ತಿಳಿಯಬಾರದಷ್ಟೆ. ಗೋಪುರದ ಮುಖ್ಯಸ್ಥೆ ಹೆಸ್ಟರ್ ತಮ್ಮ ಸಣ್ಣ ಗಂಟೆಯ ಹಗ್ಗ ಹಿಡಿದು ಕೇಳಿದರು: "ದೊಡ್ಡದಕ್ಕೆ ಯಾರು?"

ಅಲ್ಲೇ ಎಲ್ಲ ನಿಂತುಹೋಯಿತು. ಡೆಸ್ಮಂಡನ ಮೈಯಲ್ಲಿ ಶಕ್ತಿಯಿತ್ತು, ಬಾಯಲ್ಲಿ ಮಾತಿರಲಿಲ್ಲ. ನನ್ನ ಹಗ್ಗ ನನಗೆ ಕೊಡು ಎಂದು ಕೇಳುವುದು ಅವನ ವಂಶದಲ್ಲೇ ಇರಲಿಲ್ಲ.

"ನೀವೇ ಬಾರಿಸಿ ರಾಡ್ನಿ. ಅಭ್ಯಾಸ ಮಾಡಿದ್ದೀರಿ."

"ಅಯ್ಯೋ ಇಲ್ಲ, ನೀವು. ನಿಮಗೆ ಆಗೋ ಹಾಗಿದ್ರೆ."

"ನಿಮಗೆ ಬೇಡ ಅನ್ನಿಸಿದ್ರೆ ಮಾತ್ರ."

"ನಿಮಗೆ ಬೇಕು ಅನ್ನಿಸಿದ್ರೆ ಮಾತ್ರ."

ಬೇಯಿಸಿದ ಮೊಟ್ಟೆಗಳ ಪೊಟ್ಟಣ ಹಿಡಿದು ಮೂಲೆಯಲ್ಲಿ ಕುಳಿತಿದ್ದ ಗ್ಲೆನಿಸಳಿಗೆ ತಡೆಯಲಾಗಲಿಲ್ಲ. "ರಾಡ್ನಿ! ನಿನಗೆ ಆ ಗಂಟೆ ಬಾರಿಸೋಕೆ ಇಷ್ಟ ಇದೆಯೋ ಇಲ್ವೋ?"

ಇಷ್ಟು ನೇರವಾದ ಪ್ರಶ್ನೆ ರಾಡ್ನಿಗೆ ಹುಟ್ಟಿದಾಗಿನಿಂದ ಎದುರಾಗಿರಲಿಲ್ಲ. ಅವನು ಪೀಠದಿಂದ ಒಂದು ಹೆಜ್ಜೆ ಹಿಂದೆ ಸರಿದ. "ಇಲ್ಲ" ಎಂದ ಸಣ್ಣ ದನಿಯಲ್ಲಿ. "ಅದನ್ನ ಕಂಡ್ರೆ ನಂಗೆ ಭಯ. ಕೈ ಎಟುಕಲ್ಲ ಅಂತ ಪೀಠ ಮಾಡಿಸ್ದೆ. ಹಿಡ್ಕೋ ಅಂದ್ರಿ, ಬೇಡ ಅನ್ನೋಕೆ ಒಂದು ವರ್ಷದಿಂದ ಸಮಯ ನೋಡ್ತಿದೀನಿ."

ಡೆಸ್ಮಂಡ್ ಪೀಠವನ್ನು ಕಾಲಿನಿಂದ ಮೆಲ್ಲನೆ ಸರಿಸಿ ಹಗ್ಗ ಹಿಡಿದ. "ನೋಡ್ಕೊಳ್ಳಿ!" ಎಂದರು ಹೆಸ್ಟರ್. "ಹೊರಟಳು... ಹೋದಳು!" ಎಂದು ತಮ್ಮ ಗಂಟೆಯನ್ನು ಹೆಣ್ಣಾಗಿ ಕರೆಯುತ್ತ ಹಗ್ಗ ಎಳೆದರು. ಸಣ್ಣ ಗಂಟೆ ನುಡಿಯಿತು, ಅದರ ಹಿಂದೆ ಎರಡನೆಯದು, ಮೂರನೆಯದು, ಎಲ್ಲಕ್ಕೂ ಕೊನೆಯಲ್ಲಿ ಢಣ್ಣೆಂದು, ಇರಬೇಕಾದ ಜಾಗದಲ್ಲೇ, ಪೂರ್ಣವಿರಾಮ. ಸುತ್ತಿನ ಮೇಲೆ ಸುತ್ತು ಹೋಯಿತು. ನಡುವೆ ಎಲ್ಲೂ ಅವನಿಗೆ ವಿಶ್ರಾಂತಿ ಬೇಕಾಗಲಿಲ್ಲ. ಹೆಸ್ಟರ್ "ನಿಲ್ಲಿ" ಎಂದಾಗ ನಿಲ್ಲಿಸಲು ಅವನಿಗೇ ಮನಸ್ಸಿರಲಿಲ್ಲ. ಎದುರು ಮನೆಯಿಂದ ಹೊರಬಂದ ತೀರ್ಪುಗಾರರು, ಅತಿ ಕಡಿಮೆ ತಪ್ಪು ಎರಡನೆಯ ತಂಡದ್ದು ಎಂದರು. ಎರಡನೆಯ ತಂಡವೇ ಅಪ್ಪರ್ ಥ್ರೆಡಲ್. ಲೋವರ್ ಥ್ರೆಡಲ್‌ನವರು ಅತ್ಯಂತ ಸೌಜನ್ಯದಿಂದ ಹೊಟ್ಟೆ ಉರಿದುಕೊಂಡರು. ಗ್ಲೆನಿಸ್ ಎಲ್ಲರೆದುರು ಗಂಡನ ಕೆನ್ನೆಗೆ ಮುತ್ತಿಟ್ಟು ಬಾಯಿಗೊಂದು ಮೊಟ್ಟೆ ತುರುಕಿದಳು.

ಮರುದಿನ ಬೆಳಿಗ್ಗೆ ವಿಜಯಿಯು ಎಂದಿನಂತೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಎದುರಿಗೆ ಏಣಿ ನಿಂತಿತ್ತು.

"ಸೂರಿನ ಮಳೆನೀರಿನ ದೋಣಿಯಲ್ಲಿ ಎಲೆ ಕಟ್ಕೊಂಡಿದೆ" ಎಂದಳು ಗ್ಲೆನಿಸ್. "ಆಮೇಲೆ ಬೇಲಿ. ನಾಡಿದ್ದು ಅಮ್ಮನ ಮನೆಗೆ ಹೋಗಿ ಅಟ್ಟ ಖಾಲಿ ಮಾಡೋಣ."

"ನನಗೆ ಯಾಕೋ ಸುಸ್ತು ಗ್ಲೆನ್."

"ಆ ಮಾತು ಇನ್ನು ನಡೆಯಲ್ಲ ಕಣೋ. ನಿನಗೆ ಶಕ್ತಿ ಬಂದಿರೋದು ಏಳು ಊರಿಗೆ ಕೇಳಿಸಿದೆ."

"ಅರ್ಧ ಮಾತ್ರ ಮಾಡು ಅಂದಿದಾಳಲ್ಲ ಫಿಲಿಪಾ!"

"ಅದಕ್ಕೇ ಅರ್ಧ ಬೇಲಿ, ಅರ್ಧ ಅಟ್ಟ. ಮಿಕ್ಕಿದ್ದು ಮುಂದಿನ ವಾರ."

ತಿಂಗಳು ಕಳೆದು ಆಸ್ಪತ್ರೆಗೆ ಹೋದಾಗ ಫಿಲಿಪಾ ಅವನ ಕೆನ್ನೆಯ ಬಣ್ಣ ನೋಡಿ ಹಿಗ್ಗಿಹೋದಳು. ಗ್ಲೆನಿಸ್ ಪಕ್ಕದಲ್ಲೇ ಕೈಕಟ್ಟಿ ಕುಳಿತಿದ್ದಳು.

"ಹಾಗಾದ್ರೆ ಮಿಸ್ಟರ್ ಟಿಪ್ಟನ್, ಶಕ್ತಿ ವಾಪಸ್ ಬಂದಿದೆ ಅನ್ನಿ?"

"ಬಂದಿದೆ" ಎಂದ ಡೆಸ್ಮಂಡ್. "ಗ್ಲೆನಿಸ್ ಇಟ್ಕೊಂಡಿದಾಳೆ."