ಬಾಗಿಲು ನಮ್ಮದು, ಪಡಸಾಲೆ ಕಾಕಾನದು

ಸ್ವಂತಕ್ಕೆ ಏನೂ ಸಾಧಿಸದವನಿಗೆ ಮುತ್ತಜ್ಜನ ವಾಡೆಯೊಂದಿದ್ದರೆ ಸಾಕು, ಮರ್ಯಾದೆಗೆ ಕೊರತೆಯಿಲ್ಲ. ನನ್ನನ್ನೇ ನೋಡಿ. ನವಲಗುಂದದ ಕಚೇರಿಯಲ್ಲಿ ನಾನು ಗುಮಾಸ್ತ, ಸಾಹೇಬರೆದುರು ಕೆಮ್ಮಲೂ ಹೆದರುವವನು. ಆದರೆ ಅಣ್ಣಿಗೇರಿಯ ನಮ್ಮ ಹಳೇ ರಸ್ತೆಗೆ ಕಾಲಿಟ್ಟರೆ ಎದೆ ತಾನಾಗಿ ಉಬ್ಬುತ್ತದೆ. ಚಾಲುಕ್ಯರ ಕುದುರೆಗಳು ಓಡಾಡಿದ ರಸ್ತೆಯಂತೆ ಅದು. ಕುದುರೆಗಳನ್ನು ಯಾರೂ ಕಂಡಿಲ್ಲ, ಆದರೆ ಅನುಮಾನಪಟ್ಟವರಿಗೆ ನಮ್ಮ ಮನೆಯಲ್ಲಿ ಚಹಾ ಸಿಗುವುದಿಲ್ಲ. ಅಲ್ಲಿನ ವಾಡೆಗಳಲ್ಲೆಲ್ಲ ನಮ್ಮ ಹೆಬ್ಬಾಗಿಲೇ ದೊಡ್ಡದು. ಆನೆ ಒಳಗೆ ಬರಬಹುದು ಎನ್ನುತ್ತಿದ್ದ ನಮ್ಮಪ್ಪ. ಬಂದ ಆನೆ ಎಲ್ಲಿ ನಿಲ್ಲಬೇಕೆಂದು ಮಾತ್ರ ಹೇಳುತ್ತಿರಲಿಲ್ಲ. ಪಾಲಾದಾಗ ಬಾಗಿಲು ನಮಗೆ ಬಂದು, ಕಂಬದ ಪಡಸಾಲೆ ಅಪ್ಪನ ತಮ್ಮ ಚನ್ನಪ್ಪ ಕಾಕಾನಿಗೆ ಹೋಗಿ, ನಡುವೆ ಗೋಡೆ ಎದ್ದಿತ್ತು. ಕಾಕಾ ಹಿಂದಿನ ಓಣಿಗೆ ಬೇರೆ ಬಾಗಿಲು ಮಾಡಿಕೊಂಡ. ಮಾಳಿಗೆಯ ಮಳೆನೀರು ಯಾರ ಅಂಗಳಕ್ಕೆ ಬೀಳಬೇಕೆಂಬ ಜಗಳದಲ್ಲಿ ಮಾತೂ ನಿಂತಿತು.

ಈ ಎಪ್ಪತ್ತರ ದಶಕದ ಮೊದಲಲ್ಲಿ ಸಿನಿಮಾದವರು ಬಂದರು. ರಸ್ತೆಯ ವಾಡೆಗಳನ್ನೆಲ್ಲ ನೋಡಿ, ನಮ್ಮ ಹೆಬ್ಬಾಗಿಲ ಮುಂದೆ ನಿಂತ ನಿರ್ದೇಶಕರು, "ಇಂಥ ಬಾಗಿಲು ಎಲ್ಲೂ ಸಿಗಲಿಲ್ಲ" ಅಂದರು.

"ನಮ್ಮ ಮುತ್ತ್ಯಾನ ಕಾಲದ್ದರಿ" ಎಂದೆ, ನಾನೇ ಕೆತ್ತಿದವನಂತೆ.

ನಾಯಕ ಕುದುರೆಯಿಂದಿಳಿದು ಬಾಗಿಲು ದೂಡಿ ಒಳಹೋಗುವುದನ್ನು ಕ್ಯಾಮೆರಾದಲ್ಲಿ ತೆಗೆದರು. ಮರುದಿನ ಅವರ ಗಾಡಿ ಹಿಂದಿನ ಓಣಿಯಲ್ಲಿ ನಿಂತದ್ದು ಕಂಡು ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

"ಕಾಕಾನ ಪಡಸಾಲ್ಯಾಗ ಏನೈತಂತ ಹೋಗ್ಯಾರ?" ಎಂದೆ.

"ಬರೇ ಬಾಗಲಾ ತಗೊಂಡು ಅವರು ಕುಂದರೂದೆಲ್ಲಿರಿ?" ಎಂದಳು ನನ್ನ ಹೆಂಡತಿ.

ಸಿನಿಮಾ ಊರಿನ ಟೆಂಟಿಗೆ ಬಂದಾಗ ಇಡೀ ಓಣಿಯೇ ಹೋಯಿತು. ನಾನು ಒಂದು ಮೂಲೆ, ಕಾಕಾ ಇನ್ನೊಂದು ಮೂಲೆ. ಪರದೆಯ ಮೇಲೆ ಬಾಗಿಲು ಬಂದದ್ದೇ ತಡ, "ನಮ್ಮ ಬಾಗಲಾ!" ಎಂದು ಕೂಗಿಬಿಟ್ಟೆ. ನಾಯಕ ಅದನ್ನು ದೂಡಿದ. ಒಳಗೆ ಕಾಲಿಟ್ಟದ್ದು ನೇರ ಕಾಕಾನ ಪಡಸಾಲೆಗೆ! ನಡುವೆ ಗೋಡೆಯೇ ಇಲ್ಲ!

"ನಮ್ಮ ಪಡಸಾಲಿ!" ಕಾಕಾ ಎದ್ದು ನಿಂತ.

"ಎರಡೂ ಒಂದ ಮನಿ ಅಲ್ಲೇನ್ರಿ? ಸುಮ್ಮ ಕುಂದರ್ರಿ!" ಎಂದು ಹಿಂದಿನಿಂದ ಯಾರೋ ಗದರಿದರು. ಟೆಂಟೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅಪ್ಪನ ಕಾಲದ ಇಡೀ ಮನೆ, ಎಷ್ಟು ದೊಡ್ಡದಾಗಿ, ಎಷ್ಟು ಚೆಂದಾಗಿ ಕಾಣುತ್ತಿತ್ತು! ಆ ಕಡೆ ನೋಡಿದರೆ ಕಾಕಾ ಧೋತರದ ಚುಂಗಿನಿಂದ ಕಣ್ಣೊರೆಸುತ್ತಿದ್ದ.

ಹೊರಗೆ ಬಂದ ಕಾಕಾ ಎಷ್ಟೋ ವರ್ಷಗಳ ಮೇಲೆ ನನ್ನೊಡನೆ ಮಾತಾಡಿದ: "ಬಾಗಲಾ ಅಗದಿ ಚಲೋ ಬಂದೈತಿ ನೋಡಲೇ."

"ಪಡಸಾಲಿ ಏನ್ ಕಡಿಮಿ ಬಂದೈತೇನ್ ಕಾಕಾ?" ಎಂದೆ.

ಈಗ ಹುಬ್ಬಳ್ಳಿಯಿಂದೆಲ್ಲ ಜನ 'ಸಿನಿಮಾ ಮನೆ' ನೋಡಲು ಬರುತ್ತಾರೆ. ನಾನು ಹೆಮ್ಮೆಯಿಂದ ಬಾಗಿಲು ತೋರಿಸಿ, ಓಣಿ ಸುತ್ತಿಸಿ ಕಾಕಾನ ಪಡಸಾಲೆಗೆ ಕರೆದೊಯ್ಯುತ್ತೇನೆ. ಚಹಾ ಅವನದು.

"ಆ ಹೀರೋ ಬಾಗಲಾ ದೂಡಿ ಸೀದಾ ಪಡಸಾಲಿಗೆ ಹೋದ. ನೀವ್ಯಾಕ ಊರೆಲ್ಲಾ ಸುತ್ತತೀರಿ?" ಎಂದು ಕೇಳಿದಳು ಹೆಂಡತಿ.

"ಸಿನಿಮಾದವರ ಕಡೆ ಫಿಲ್ಮ್ ಕತ್ತರಸೂ ಕತ್ತರಿ ಇರತೈತಿ" ಎಂದೆ.

"ಗ್ವಾಡಿ ಒಡ್ಯಾಕ ಕತ್ತರಿ ಯಾಕ್ರಿ? ಹಾರಿ ಸಾಕಲ್ಲ!"

ಮಾತು ಸರಿಯೇ. ಆದರೆ ಮನೆಯ ಹಾರೆ ಪಾಲಿನಲ್ಲಿ ಕಾಕಾನಿಗೆ ಹೋಗಿದೆ. ಕೇಳಿ ತರಬೇಕೆಂದರೂ ಓಣಿ ಸುತ್ತಿಯೇ ಹೋಗಬೇಕು.