ಅತ್ತೆಯ ದನಿ ವೆಬ್‌ಸೈಟಿಗೆ ಹೋದದ್ದು

ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ್ದ ಹಿರಿಯರ ಬಗ್ಗೆ ನಾನು ತರಗತಿಯಲ್ಲಿ ಬಹಳ ತಮಾಷೆ ಮಾಡಿದ್ದೇನೆ. ಗೋಕಾಕದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಅದು ಕೆಲಸದ ಒಂದು ಭಾಗ. ದೆವ್ವ, ದೃಷ್ಟಿ, ಮಾಟ ಎಲ್ಲದಕ್ಕೂ ನನ್ನ ಬಳಿ ಕಾರಣವಿತ್ತು. ಕಾರಣ ಹೊಳೆಯದಿದ್ದಾಗ “ಇದು ನಿಮ್ಮ ಸಿಲೆಬಸ್ಸಿನಲ್ಲಿಲ್ಲ” ಎಂಬ ಮಾತಿತ್ತು. ಇಷ್ಟು ಧೈರ್ಯವಂತನನ್ನು ಹೆದರಿಸಲು ಸ್ಮಶಾನ, ಹುಣಸೆಮರ ಏನೂ ಬೇಕಾಗಲಿಲ್ಲ. ಹಾಡುಹಗಲಲ್ಲಿ ಒಂದು ಕಂಪ್ಯೂಟರ್ ಆ ಕೆಲಸ ಮಾಡಿತು.

ಕಂಪ್ಯೂಟರು ಆಗಷ್ಟೇ ಶಾಲೆಗಳಿಗೆ ಕಾಲಿಟ್ಟಿದ್ದ ಕಾಲ. ಚಿತ್ರ, ಧ್ವನಿ, ಚಲನೆ ಎಲ್ಲ ಸೇರಿಸಿ ಪಾಠಗಳ ವೆಬ್‌ಸೈಟು ಮಾಡುವುದು ಹೇಗೆಂದು ಶಿಕ್ಷಕರಿಗೆ ಹುಕ್ಕೇರಿಯಲ್ಲಿ ತರಬೇತಿ ನಡೆಯುತ್ತಿತ್ತು. ಪ್ರತಿ ರವಿವಾರ ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ. ಲ್ಯಾಬಿನ ಹೊರಗೆ ಚಪ್ಪಲಿ ಬಿಡಬೇಕು. ಧೂಳು ಬಾರದಂತೆ ಕಿಟಕಿಗಳಿಗೆಲ್ಲ ದಪ್ಪ ಪರದೆ. ಮಧ್ಯಾಹ್ನವೂ ಒಳಗೆ ಮಬ್ಬುಗತ್ತಲೆ. ಗರ್ಭಗುಡಿಗೆ ಬಂದವರಂತೆ ನಾವೆಲ್ಲ ಪಿಸುಮಾತಿನಲ್ಲೇ ಮಾತಾಡುತ್ತಿದ್ದೆವು. ನಮಗೆ ಕಲಿಸುತ್ತಿದ್ದವರು ಸಂಕೇಶ್ವರದ ಉಪಾಧ್ಯೆ ಮೇಡಂ. ನಾನು ಆರಿಸಿಕೊಂಡಿದ್ದ ‘ಶಬ್ದ’ ಎಂಬ ಪಾಠವನ್ನು ನೋಡಿ, “ಚಿತ್ರ ಚಲೋ ಅದಾವ್ರಿ ಸರ್. ಖರೆ, ಸೈಟ್ ತೆಗೆದ ಕೂಡ್ಲೆ ಯಾರರೆ ಕರೀಬೇಕು. ಮಕ್ಕಳಿಗೆ ಮನಿಗೆ ಬಂದಂಗ ಅನಸಬೇಕು” ಎಂದರು.

ಕರೆಯುವ ದನಿ ಎಂದರೆ ಮೂಡಲಗಿಯ ನಮ್ಮ ಅತ್ತೆಯದೇ. ಅವರು ಮನೆಯ ಕಟ್ಟೆಯ ಮೇಲೆ ನಿಂತು ಕೂಗಿದರೆ ಹೊಲದಲ್ಲಿದ್ದ ಮಾವ ಊಟಕ್ಕೆ ಬರುತ್ತಿದ್ದರು, ಜೊತೆಗೆ ಬಾಜೂ ಹೊಲದವರೂ ಬುತ್ತಿ ಬಿಚ್ಚುತ್ತಿದ್ದರು. ಓಣಿಯಲ್ಲಿ ಯಾರ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಜೋಗುಳ ಅವರೇ ಹಾಡಬೇಕು. ಆಗ ನನ್ನ ಹೆಂಡತಿ ಬಾಣಂತನಕ್ಕೆ ಅಲ್ಲಿಯೇ ಇದ್ದಳು, ನಮ್ಮ ಮಗಳ ತೊಟ್ಟಿಲ ಕಾರ್ಯ ಹತ್ತಿರ ಬಂದಿತ್ತು. ನಾನು ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋದೆ. “ಬರ್ರಿ, ಒಳಗ ಬರ್ರಿ” ಎಂದು ಹೇಳಿಸಿದರೆ ಮುಗಿಯಿತು. ಆದರೆ ಒಮ್ಮೆ ಕುಕ್ಕರ್ ಕೂಗಿತು, ಒಮ್ಮೆ ಎಮ್ಮೆ, ಒಮ್ಮೆ ನನ್ನ ಮಗಳು. ನಾನೂ ಬಿಡಲಿಲ್ಲ. ಅತ್ತೆ ಸಂಜೆಯವರೆಗೂ ಯಾರೂ ಇಲ್ಲದ ಬಾಗಿಲನ್ನು ನೋಡುತ್ತ ಒಳಗೆ ಕರೆಯುತ್ತಲೇ ಇದ್ದರು.

“ಖಾಲಿ ಬಾಗಲಾ ನೋಡಿ ಇಷ್ಟು ಸರ್ತಿ ಕರೀಬಾರದ್ರಿ ಅಳಿಯಾರ. ಯಾರರೆ ಬಂದ್ಗಿಂದಾರು” ಎಂದರು. ನಾನು ನಕ್ಕೆ. ನಕ್ಕದ್ದೂ ರೆಕಾರ್ಡ್ ಆಗಿದ್ದರಿಂದ ಮತ್ತೊಮ್ಮೆ ಹೇಳಿಸಬೇಕಾಯಿತು.

ಮುಂದಿನ ರವಿವಾರ ಆ ದನಿಯನ್ನು ಸೈಟಿಗೆ ಸೇರಿಸಿದೆ. ಎಲ್ಲ ಶಿಕ್ಷಕರೂ ತಂತಮ್ಮ ಕಂಪ್ಯೂಟರಿನಲ್ಲಿ ಅದನ್ನು ತೆರೆದು ಕೇಳಿ ಮೆಚ್ಚಿದರು. ಮರುದಿನವೇ ಮೂಡಲಗಿಯಲ್ಲಿ ಅತ್ತೆಯ ದನಿ ಪೂರ್ತಿ ನಿಂತುಹೋಯಿತು. ಡಾಕ್ಟರರು ಗಂಟಲಿಗೆ ಆಯಾಸವಾಗಿದೆ ಎಂದರಂತೆ. ಅತ್ತೆ ಒಪ್ಪಲಿಲ್ಲ.

“ದನಿ ಪೆಟಿಗ್ಯಾಗ ಸಿಕ್ಕೊಂಡೈತಂತ್ರಿ” ಎಂದಳು ಹೆಂಡತಿ ಫೋನಿನಲ್ಲಿ. “ಅದನ್ನ ಅಲ್ಲಿಂದ ತೆಗಿಯೂಮಟ ನನಗ ಬರೂದಿಲ್ಲ ಅಂತ ಕೈ ಸನ್ನಿ ಮಾಡಾಕತ್ತಾಳ ಅವ್ವ. ಜೋಗುಳ ಯಾರು ಹಾಡವ್ರು? ನಿಮ್ಮ ಮೇಡಮ್ಮಾ?”

ಮತ್ತೆ ರವಿವಾರ ಬಂದಾಗ, ಎಲ್ಲರೂ ಊಟಕ್ಕೆ ಹೊರಗೆ ಹೋದ ಹೊತ್ತು ನೋಡಿ, ಅತ್ತೆಯ ದನಿಯನ್ನು ಸೈಟಿನಿಂದ ಅಳಿಸಿಹಾಕಿದೆ. ಖಾತ್ರಿಗೆಂದು ಸೈಟನ್ನು ಮತ್ತೆ ತೆರೆದೆ.

“ಬರ್ರಿ, ಒಳಗ ಬರ್ರಿ.”

ಬಾಜೂ ಕಂಪ್ಯೂಟರಿಗೆ ಹೋದೆ. ಅಲ್ಲಿಯೂ ಅತ್ತೆ ಕರೆದರು. ಮೂಲೆಯದರಲ್ಲಿಯೂ ಕರೆದರು. ಅಳಿಸಿದ್ದು ಖರೆ, ಅಳಿಸಿದ್ದನ್ನು ಕೇಳುತ್ತಿದ್ದದ್ದೂ ಖರೆ. ಮುಂದಿನ ಪುಟಕ್ಕೆ ಹೋಗದೆ ಅಲ್ಲಿಯೇ ಕುಳಿತಿದ್ದಾಗ ಅದೇ ಯಂತ್ರದಿಂದ ದಣಿದ ಸಣ್ಣ ದನಿಯೊಂದು ಬಂತು.

“ಸಾಕೇನ್ರಿ?”

ಅದನ್ನು ನಾನು ಹೇಳಿಸಿರಲಿಲ್ಲ. ಕೊನೆಯ ಸಲ ಕರೆದು ಮುಗಿಸಿ ಅತ್ತೆ ನನ್ನನ್ನು ಕೇಳಿದ ಮಾತದು. ಟೇಪಿನ ಆ ಬಾಲವನ್ನು ನಾನು ಕತ್ತರಿಸಿರಲಿಲ್ಲ. ಕರೆ ಕೇಳಿದ ಕೂಡಲೇ ಎಲ್ಲರೂ ಮುಂದಿನ ಪುಟಕ್ಕೆ ಹೋಗುತ್ತಿದ್ದರಿಂದ ಯಾರ ಕಿವಿಗೂ ಬಿದ್ದಿರಲಿಲ್ಲ. ಇದೆಲ್ಲ ಹೊಳೆದದ್ದು ಬಸ್ಸಿನಲ್ಲಿ ಮನೆಗೆ ಬರುವಾಗ. ಲ್ಯಾಬಿನಲ್ಲಿ ಆ ಕ್ಷಣ ಹೊಳೆದದ್ದು ಒಂದೇ: ಅವರು ಕೇಳಿದ್ದಾರೆ, ನಾನು ಉತ್ತರ ಕೊಟ್ಟಿಲ್ಲ. ಎದ್ದು ನಿಂತು ಕೈ ಜೋಡಿಸಿ, “ಸಾಕ್ರಿ ಅತ್ತಿ, ಸಾಕು” ಎಂದೆ.

ಬಾಗಿಲಲ್ಲಿ ಮೇಡಂ ನಿಂತಿದ್ದರು. ಅವರು ನಗಲಿಲ್ಲ, ಅದರಿಂದಲೇ ಹೆಚ್ಚು ನಾಚಿಕೆಯಾಯಿತು. “ಒಮ್ಮೆ ತೆಗೆದ ಪುಟದ ನಕಲು ಕಂಪ್ಯೂಟರಿನ್ಯಾಗ ಉಳದಿರತೈತ್ರಿ ಸರ್. ಅದನ್ನೂ ಅಳಸಬೇಕು” ಎಂದು ಒಂದೊಂದೇ ಯಂತ್ರವನ್ನು ತೆರೆದು ನಕಲುಗಳನ್ನು ಅಳಿಸಿಕೊಟ್ಟರು.

ಮರುದಿನ ಬೆಳಿಗ್ಗೆ ಹೆಂಡತಿಯ ಫೋನು. “ಅವ್ವ ಎಮ್ಮಿಗೆ ಬೈಯಾಕತ್ತಾಳ. ಕೇಳಸ್ತೈತೇನ್ರಿ?”

ಕೇಳಿಸುತ್ತಿತ್ತು. ಬೈಗುಳ ಕೇಳಿ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಒಂದು ವಾರ ಸುಮ್ಮನಿದ್ದರೆ ಯಾರ ಗಂಟಲಾದರೂ ಸರಿಹೋಗುತ್ತದೆ ಎಂದು ಶಾಲೆಯ ಮಕ್ಕಳಿಗೆ ವಿವರಿಸಿದೆ, ಅವರು ನಂಬಿದರು. ತೊಟ್ಟಿಲ ಕಾರ್ಯದಲ್ಲಿ ಅತ್ತೆ ಹಾಡಿದಾಗ ನನ್ನ ಕಣ್ಣು ತುಂಬಿದ್ದನ್ನು ಮಾತ್ರ ಯಾರಿಗೂ ವಿವರಿಸಲಿಲ್ಲ. ಹಾಡು ಮುಗಿಸಿ ಅತ್ತೆ ನನ್ನ ಕಡೆ ತಿರುಗಿದರು. “ಇನ್ನ ನಿಮ್ಮ ದನೀನ ಹಾಕ್ರಿ ಅಳಿಯಾರ. ನೀವು ಸೈನ್ಸ್ ಮಾಸ್ತರು, ನಿಮಗೇನಾಕೈತಿ?”

ತರಬೇತಿಯ ಕೊನೆಗೆ ನಾನು ಒಪ್ಪಿಸಿದ ‘ಶಬ್ದ’ ಪಾಠದಲ್ಲಿ ಕಿವಿಗೆ ಕೇಳಿಸುವ ಒಂದೇ ಒಂದು ಶಬ್ದವೂ ಇರಲಿಲ್ಲ. “ಮಕ್ಕಳು ತಾವ ಓದಿ ಕಲೀಲಿ ಅಂತ ಬಿಟ್ಟೀರಿ. ಭಾಳ ಹೊಸಾ ವಿಚಾರ್ರಿ ಸರ್” ಎಂದು ಮೇಡಂ ಎಲ್ಲರೆದುರು ಹೊಗಳಿದರು. ಮೇಜಿನ ಮೇಲಿದ್ದ ಮೈಕಿನ ವಾಯರು ಕಿತ್ತಿದೆಯೇ ಎಂದು ಮೊದಲು ನೋಡಿಕೊಂಡು, ಆಮೇಲೆ ನಾನು ಬಾಯಿಬಿಟ್ಟು ಧನ್ಯವಾದ ಹೇಳಿದೆ.